ಹಾಡು ಕೇಳಿಸುತ್ತದೆ, ಫೋಟೊ ಸಿಗುವುದಿಲ್ಲ

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ನಸುಕಿಗೇ ಯಾರೋ ಹುಡುಗ ಶಿಳ್ಳೆ ಹೊಡೆದಂತೆ ಹಾಡುವ ಕಪ್ಪು ಹಕ್ಕಿಯೊಂದಿದೆ. ಕ್ಯಾಮೆರಾ ಎತ್ತಿದರೆ ಮಾಯ. ಸಿಕ್ಕ ಚಿತ್ರದಲ್ಲೂ ಬರೀ ಕಪ್ಪು. ಏನು ಮಾಡಲಿ?

ಉತ್ತರ: ಅದು ಸಿಳ್ಳಾರ, ಪಶ್ಚಿಮ ಘಟ್ಟದ ಅತ್ಯಂತ ಇಂಪಾದ ಹಾಡುಗಾರರಲ್ಲೊಂದು. ಅದು ಬರೀ ಕಪ್ಪಲ್ಲ. ಹಣೆ ಮತ್ತು ಭುಜದ ಮೇಲೆ ಹೊಳೆಯುವ ನೀಲಿ ಇದೆ. ಆ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಕಾಣುವಂಥದ್ದು. ಹಾಗಾಗಿ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬೀಳಬೇಕು. ಆಕಾಶ ಹಿನ್ನೆಲೆಯಾದರೆ ನೀಲಿಯೆಲ್ಲ ಹೋಯಿತು. ಹಸಿರು ದರೆ ಹಿಂದಿರುವ ಜಾಗ ಹುಡುಕಿ.

ಹಕ್ಕಿಯ ಬೆನ್ನು ಹತ್ತಬೇಡಿ. ಏಡಿ, ಎರೆಹುಳ, ಬಸವನಹುಳ ಹುಡುಕುತ್ತ ಅದು ಹಳ್ಳದ ಪಕ್ಕದ ಕಲ್ಲುಗಳಿಗೆ ಮತ್ತೆ ಮತ್ತೆ ಬರುತ್ತದೆ. ಹಿಕ್ಕೆ ಬಿದ್ದ ಕಲ್ಲು ಕಂಡರೆ ಅದೇ ಅದರ ಪೀಠ. ಎದುರಿಗೆ ಸೋಗೆಯ ಮರೆ ಕಟ್ಟಿ, ಬೆಳಕು ಹರಿಯುವ ಮೊದಲೇ ಕುಳಿತುಬಿಡಿ. ತೋಟದೊಳಗೆ ಬೆಳಕು ಕಡಿಮೆ. ಐಎಸ್‌ಒ 3200ಕ್ಕೆ ಏರಿಸಲು ಹಿಂಜರಿಯಬೇಡಿ, ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಯದಿರಲಿ. ಸದ್ದಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ.

ಮೊಬೈಲಿನಲ್ಲಿ ಅದರದೇ ಹಾಡು ಹಾಕಿ ಕರೆಯುವವರಿದ್ದಾರೆ. ದಯವಿಟ್ಟು ಬೇಡ. ಎದುರಾಳಿ ಬಂದನೆಂದು ಅದು ಕಂಗೆಡುತ್ತದೆ, ಮಳೆಗಾಲದಲ್ಲಂತೂ ಅದಕ್ಕೆ ಮರಿ ಸಾಕುವ ಕೆಲಸವೂ ಇರುತ್ತದೆ.