ಗಣಕದ ಅಂಚೆಗೊಂದು ಸಮಾನ ನಿಯಮ

ಧಾರವಾಡದ ಅಂಚೆಪೆಟ್ಟಿಗೆಯಲ್ಲಿ ಹಾಕಿದ ಕಾಗದವು ಟೋಕಿಯೊ ನಗರದ ಮನೆಬಾಗಿಲನ್ನು ಮುಟ್ಟುತ್ತದೆ. ಎರಡು ದೇಶಗಳ ಭಾಷೆ ಬೇರೆ, ಅಂಚೆಯ ಇಲಾಖೆ ಬೇರೆ. ಆದರೂ ಕಾಗದವು ದಾರಿ ತಪ್ಪುವುದಿಲ್ಲ. 1874ರಲ್ಲಿ ಹಲವು ರಾಷ್ಟ್ರಗಳು ಬರ್ನ್ ನಗರದಲ್ಲಿ ಕಲೆತು ಅಂಚೆಗೆ ಸಮಾನ ನಿಯಮಗಳನ್ನು ಒಪ್ಪಿಕೊಂಡುದೇ ಇದಕ್ಕೆ ಮೂಲ. ಗಣಕಗಳ ಅಂಚೆಯಾದ ಇ-ಮೇಲಿಗೂ ಇಂಥದೇ ಒಪ್ಪಂದವು ಬೇಕಾಯಿತು. ಅದೇಕೆಂಬುದನ್ನು ನೋಡೋಣ.

1980ರ ದಶಕದಲ್ಲಿ ಕಚೇರಿಗಳು ತಮ್ಮ ಕಟ್ಟಡದೊಳಗಿನ ಗಣಕಗಳನ್ನು ತಂತಿಯಿಂದ ಜೋಡಿಸತೊಡಗಿದವು. ಇದಕ್ಕೆ ಸ್ಥಳೀಯ ಜಾಲವೆಂದು ಹೆಸರು. ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಸಂಗಡಿಗರು 1973ರಿಂದ ರೂಪಿಸಿದ ಈಥರ್‌ನೆಟ್ ಇಂಥ ಜೋಡಣೆಯ ಒಂದು ವಿಧಾನ. ಆದರೆ ತಂತಿಯು ಸಂಕೇತಗಳನ್ನು ಹೊರುತ್ತದೆಯೇ ಹೊರತು ಅವುಗಳ ಅರ್ಥವನ್ನು ನಿರ್ಣಯಿಸುವುದಿಲ್ಲ. ಸಿಸಿ:ಮೇಲ್, ಮೈಕ್ರೋಸಾಫ್ಟ್ ಮೇಲ್ ಮುಂತಾದ ವ್ಯವಸ್ಥೆಗಳು ವಿಳಾಸವನ್ನು ಬರೆಯುವುದಕ್ಕೂ ಕಾಗದವನ್ನು ಕೂಡಿಡುವುದಕ್ಕೂ ತಮ್ಮ ತಮ್ಮದೇ ಕ್ರಮವನ್ನು ಇಟ್ಟುಕೊಂಡಿದ್ದವು. ಕೆಳಮಹಡಿಯಲ್ಲೊಂದು, ಮೇಲ್ಮಹಡಿಯಲ್ಲಿ ಇನ್ನೊಂದು ವ್ಯವಸ್ಥೆಯಿದ್ದರೆ, ತಂತಿ ಒಂದೇ ಆದರೂ ಕಾಗದವು ಮೆಟ್ಟಿಲನ್ನು ಹತ್ತಲಾರದು!

ನಡುವೆ ದುಭಾಷಿಯಂಥ ಒಂದು ಗಣಕವನ್ನು ನಿಲ್ಲಿಸಬಹುದಲ್ಲವೆ? ನಿಲ್ಲಿಸಿದರು. ಆದರೆ ಲೆಕ್ಕವನ್ನು ಗಮನಿಸಿರಿ. ಹತ್ತು ವ್ಯವಸ್ಥೆಗಳಲ್ಲಿ ಪ್ರತಿಯೊಂದು ಜೋಡಿಗೂ ಒಬ್ಬ ದುಭಾಷಿ ಬೇಕೆಂದರೆ 45 ದುಭಾಷಿಗಳು ಬೇಕು; ಹನ್ನೊಂದನೆಯದು ಬಂದರೆ ಮತ್ತೆ 10. ಎಲ್ಲರಿಗೂ ಸಮಾನವಾದ ಒಂದು ಭಾಷೆಯಿದ್ದರೆ ಹತ್ತಕ್ಕೆ ಹತ್ತೇ ಸಾಕು, ಹೊಸಬನಿಗೆ ಇನ್ನೊಬ್ಬ. ಸಾಲದುದಕ್ಕೆ, ಅನುವಾದದಲ್ಲಿ ಕಾಗದದ ಜೊತೆಗಿಟ್ಟ ಲೆಕ್ಕದ ಪಟ್ಟಿಯೋ ಚಿತ್ರವೋ ಉದುರಿಹೋಗುವ ಸಂಭವವೂ ಇತ್ತು.

ಬೇಕಾದ ಸಮಾನ ಭಾಷೆ ಹುಟ್ಟಿದುದು ಅಮೆರಿಕದ ಅರ್ಪಾನೆಟ್ ಎಂಬ ದೂರಜಾಲದಲ್ಲಿ. 1982ರ ಆಗಸ್ಟಿನಲ್ಲಿ ಕಾಗದವನ್ನು ಸಾಗಿಸುವ ನಿಯಮವನ್ನು ಜೋನಾಥನ್ ಪೋಸ್ಟೆಲ್ ಅವರೂ, ಕಾಗದದ ಒಕ್ಕಣೆಯ ನಿಯಮವನ್ನು ಡೇವಿಡ್ ಕ್ರಾಕರ್ ಅವರೂ ಪ್ರಕಟಿಸಿದರು. ಸಾಗಣೆಯು ಬಲು ಸರಳ. ಕಳುಹಿಸುವ ಗಣಕವು ತನ್ನ ಹೆಸರನ್ನು ಹೇಳಿ, ಬರೆದವರು ಯಾರು, ಪಡೆಯುವವರು ಯಾರೆಂದು ತಿಳಿಸುತ್ತದೆ. ಎದುರಿನ ಗಣಕವು 250 ಎಂದರೆ ಒಪ್ಪಿದಂತೆ. 550 ಎಂದರೆ ಆ ಪೆಟ್ಟಿಗೆ ದೊರೆಯದೆಂದು ಅರ್ಥ. ಒಪ್ಪಿದ ಮೇಲೆ ಕಾಗದವು ಹರಿಯುತ್ತದೆ. ಒಂದು ಸಾಲಿನಲ್ಲಿ ಬರಿಯ ಪೂರ್ಣವಿರಾಮ ಬಂದರೆ ಅದು ಮುಗಿಯಿತು. 1990ರ ದಶಕದಲ್ಲಿ ಅಂತರಜಾಲವು ಹರಡಿದಂತೆಲ್ಲ ಸ್ಥಳೀಯ ಜಾಲಗಳೂ ಈ ಭಾಷೆಗೆ ಮಣಿದವು.

ನಿಯಮದಲ್ಲಿ ಒಂದು ಕೊರತೆಯಿತ್ತು. ಅದು ಏಳು ಬಿಟ್ಟುಗಳ 128 ಸಂಕೇತಗಳನ್ನು ಮಾತ್ರ ಬಲ್ಲದು. ಅವುಗಳಲ್ಲಿ ಕನ್ನಡಕ್ಕೆ ಎಡೆಯಿಲ್ಲ. 1992ರಲ್ಲಿ ಬಂದ ಮೈಮ್ ಎಂಬ ಸೇರ್ಪಡೆಯು ಹಳೆಯ ನಿಯಮವನ್ನು ಮುರಿಯದೆಯೇ ಇದನ್ನು ನೀಗಿಸಿತು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟುಗಳಷ್ಟಾಗುವ ನಮ್ಮ ‘ಕ’ ಅಕ್ಷರವು, ಮೈಮಿನ ಒಂದು ವಿಧಾನದಂತೆ, 4, ಎಲ್, ಕೆ, ವಿ ಎಂಬ ನಾಲ್ಕು ಚಿಹ್ನೆಗಳ ವೇಷವನ್ನು ತೊಟ್ಟು ಸಾಗಿ, ಊರು ಸೇರಿದ ಮೇಲೆ ಮತ್ತೆ ‘ಕ’ ಆಗುತ್ತದೆ.

ಇಂದಿಗೂ ಕೈಫೋನಿನ ಒಂದು ಸಂದೇಶಸೇವೆಯಿಂದ ಇನ್ನೊಂದಕ್ಕೆ ಮಾತು ಸಾಮಾನ್ಯವಾಗಿ ದಾಟದು. ಗೆಳೆಯನಿರುವ ಸೇವೆಗೆ ನಾವೂ ಸೇರಬೇಕು. ಇ-ಮೇಲಿನಲ್ಲಿ ಈ ಕಟ್ಟು ಇಲ್ಲ. ಸಮಾನ ನಿಯಮವೆಂಬುದು ಬರಿಯ ಯಂತ್ರದ ಅನುಕೂಲವಲ್ಲ. ಯಾವ ಸಂಸ್ಥೆಯ ಹಂಗೂ ಇಲ್ಲದೆ ಯಾರೊಡನೆಯಾದರೂ ಮಾತಾಡುವ ನಮ್ಮ ಸ್ವಾತಂತ್ರ್ಯಕ್ಕೆ ಅದು ತಳಹದಿ.