ಮೇಲ್ಮಟ್ಟದ ಇಂಗ್ಲಿಷ್ ಪದಸಂಪತ್ತು: ಆಯ್ಕೆ, ಆಳ, ಅಭ್ಯಾಸ

ಇಂಗ್ಲಿಷಿನಲ್ಲಿ ಮೇಲ್ಮಟ್ಟದ ಪದಸಂಪತ್ತನ್ನು ಗಳಿಸಲು ಅಪರೂಪದ ಕಠಿಣ ಪದಗಳನ್ನು ಬಾಯಿಪಾಠ ಮಾಡಬೇಕೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರಿದೆಯಾದರೂ, ಯಾವ ಪದಗಳನ್ನು ಮೊದಲು ಕಲಿಯಬೇಕು, ಕಲಿತದ್ದನ್ನು ಎಷ್ಟು ಆಳವಾಗಿ ಅರಿಯಬೇಕು, ಅದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳೇ ಇಲ್ಲಿ ಮುಖ್ಯವಾದವು.

ಮೊದಲ ಪ್ರಶ್ನೆಯ ಇತಿಹಾಸಕ್ಕೆ ಬಂಗಾಳದ ನಂಟಿದೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಮೈಕೆಲ್ ವೆಸ್ಟ್, ಅಪರಿಚಿತ ಪದಗಳು ಒತ್ತೊತ್ತಾಗಿ ಬಂದರೆ ಮಕ್ಕಳ ಓದು ಮುಗ್ಗರಿಸುತ್ತದೆಂಬುದನ್ನು ಮನಗಂಡು, ಹೊಸ ಪದಗಳನ್ನು ಮಿತವಾಗಿ ಬಳಸಿದ ವಾಚಕಗಳನ್ನು ರಚಿಸಿದರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ನಿತ್ಯಬಳಕೆಯ ಸುಮಾರು 2000 ಪದಗಳಿದ್ದವು. ಇವುಗಳಾಚೆಗಿನ ಹಂತಕ್ಕಾಗಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್, ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಬರಹಗಳನ್ನು ಪರಿಶೀಲಿಸಿ, 2000ದಲ್ಲಿ 570 ಪದಕುಟುಂಬಗಳ ಪಟ್ಟಿಯನ್ನು ಪ್ರಕಟಿಸಿದರು. ಪದಕುಟುಂಬವೆಂದರೆ ಒಂದು ಮೂಲಪದ ಮತ್ತು ಅದರಿಂದ ಹೊರಟ ರೂಪಗಳ ಗುಂಪು. ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಒಂದೇ ಕುಟುಂಬಕ್ಕೆ ಸೇರಿವೆ. ವಿದ್ವತ್ ಪಠ್ಯದ ಸುಮಾರು ಶೇ. 10ರಷ್ಟು ಪದಗಳು ಈ 570 ಕುಟುಂಬಗಳಿಂದಲೇ ಬರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬರುವವರ ಶ್ರಮಕ್ಕೆ ಇಲ್ಲಿ ಬೇಗ ಫಲ ದೊರೆಯುತ್ತದೆ. ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು 8000ದಿಂದ 9000 ಪದಕುಟುಂಬಗಳು ಬೇಕೆಂದು ಪದಸಂಪತ್ತಿನ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಅಂದಾಜಿಸಿದ್ದಾರೆ.

ಅರ್ಥ ತಿಳಿದ ಮಾತ್ರಕ್ಕೆ ಪದ ಕೈವಶವಾಗುವುದಿಲ್ಲ. ಅದು ಯಾವ ಪದದ ಜೊತೆ ಸೇರಿ ಬರುತ್ತದೆಂಬುದನ್ನೂ, ಅಂದರೆ ಅದರ ಸಹಪ್ರಯೋಗವನ್ನೂ ಅರಿಯಬೇಕಾಗುತ್ತದೆ. ಜೋರು ಮಳೆಗೆ ಇಂಗ್ಲಿಷರು ‘ಹೆವಿ ರೇನ್’ ಎನ್ನುತ್ತಾರೆಯೇ ಹೊರತು ‘ಸ್ಟ್ರಾಂಗ್ ರೇನ್’ ಎನ್ನುವುದಿಲ್ಲ. ಇಂಥ ಜೋಡಿಗಳನ್ನು ನಿಘಂಟಿನ ಅರ್ಥಕ್ಕಿಂತ ಅದು ಕೊಡುವ ಉದಾಹರಣಾ ವಾಕ್ಯಗಳೇ ಚೆನ್ನಾಗಿ ಕಲಿಸುತ್ತವೆ. ಪದಗಳ ಧಾತುಗಳೂ ನೆರವಾಗುತ್ತವೆ: ‘ನೋಡು’ ಎಂಬರ್ಥದ ಲ್ಯಾಟಿನ್ ಧಾತುವನ್ನು ಬಲ್ಲವರಿಗೆ, ಕನ್ನಡಿಗರ ಬಾಯಲ್ಲಿ ಈಗಾಗಲೇ ನೆಲೆಸಿರುವ ‘ಇನ್‌ಸ್ಪೆಕ್ಟರ್’ನಿಂದ ‘ಸ್ಪೆಕ್ಟೇಟರ್’, ‘ಪರ್ಸ್ಪೆಕ್ಟಿವ್’ಗಳವರೆಗೆ ದಾರಿ ತೆರೆಯುತ್ತದೆ.

ಕಲಿತದ್ದು ಮೊದಮೊದಲು ವೇಗವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಒಂದೇ ರಾತ್ರಿ ನೂರು ಪದಗಳನ್ನು ಉರುಹೊಡೆಯುವ ಬದಲು, ಕೆಲವೇ ಪದಗಳನ್ನು ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಪುಸ್ತಕ ನೋಡದೆ ನೆನಪಿಸಿಕೊಂಡು, ಸ್ವಂತ ವಾಕ್ಯದಲ್ಲಿ ಬಳಸುವುದು ಉತ್ತಮ. ದುಬಾರಿ ತರಬೇತಿಯಿಲ್ಲದೆಯೂ ಹಳ್ಳಿಯ ಗ್ರಂಥಾಲಯದಲ್ಲೇ ಈ ಅಭ್ಯಾಸ ಸಾಧ್ಯವಿರುವುದರಿಂದ, ಮೇಲ್ಮಟ್ಟದ ಇಂಗ್ಲಿಷ್ ಕೆಲವರ ಸೊತ್ತಾಗಿಯೇ ಉಳಿಯಬೇಕಾಗಿಲ್ಲ.