ಒರಗದೆ ನಿಲ್ಲುವ ಏಣಿ

ಕೆರೆಕಟ್ಟೆ ಎಂಬ ಊರಿನ ಸುತ್ತಿನ ಮಲೆನಾಡ ಸೀಮೆಯಲ್ಲಿ ಮೆಣಸು ಕೊಯ್ಯುವವರ ಹೆಗಲ ಮೇಲೆ ಒಂಟಿ ಬಿದಿರಿನ ಏಣಿ ಕಂಡಿರುತ್ತೀರಿ. ಗೆಣ್ಣಿನಲ್ಲಿ ಉಳಿಸಿದ ಕೊಂಬೆಯ ತುಂಡುಗಳೇ ಅದರ ಮೆಟ್ಟಿಲು. ಮರಕ್ಕೆ ಒರಗಿಸಿ, ಹಗ್ಗದಿಂದ ಬಿಗಿದು ಹತ್ತಿದರಾಯಿತು. ಏಣಿ ಬೀಳದಂತೆ ನೋಡಿಕೊಳ್ಳುವ ಕೆಲಸ ಮರದ್ದು.

ಉರಿಯುವ ಮನೆಗೆ ಏಣಿ ಒರಗಿಸುವುದು ಹೇಗೆ? ಗೋಡೆ ಕುಸಿಯಬಹುದು, ಕಿಟಕಿಯಿಂದ ಜ್ವಾಲೆ ನುಗ್ಗಬಹುದು. ಅಗ್ನಿಶಾಮಕ ದಳಗಳ ಲ್ಯಾಡರ್ ಗಾಡಿಯ ಚರಿತ್ರೆ ಎಂದರೆ ಯಾವುದಕ್ಕೂ ಒರಗದೆ ನಿಲ್ಲಲು ಏಣಿ ಕಲಿತ ಕಥೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಅಗ್ನಿಶಾಮಕ ದಳದಲ್ಲಿದ್ದ ಡೇನಿಯಲ್ ಹೇಯ್ಸ್ 1868ರಲ್ಲಿ ಗಾಡಿಯ ಮೇಲೇ ಕೂರಿಸಿದ ಏಣಿಗೆ ಪೇಟೆಂಟ್ ಪಡೆದ. ಹಿಡಿಕೆ ತಿರುಗಿಸಿದರೆ ಏಣಿ ಮೇಲೇಳುತ್ತಿತ್ತು. ಜರ್ಮನಿಯ ಉಲ್ಮ್ ಪಟ್ಟಣದ ಕೊನ್ರಾಡ್ ಡೀಟ್ರಿಶ್ ಮ್ಯಾಗಿರಸ್ 1872ರಲ್ಲಿ ಎರಡು ಚಕ್ರದ, ತಾನೇ ನಿಲ್ಲುವ ಏಣಿ ಮಾಡಿದ. 1892ರ ಹೊತ್ತಿಗೆ ಅವನ ಸಂಸ್ಥೆಯ ಏಣಿ ತಿರುಗುಮಣೆಯ ಮೇಲೆ ಕೂತು 25 ಮೀಟರ್ ಮುಟ್ಟಿತು. ಎಳೆಯುವುದಕ್ಕೆ ಮಾತ್ರ ಕುದುರೆಗಳೇ ಬೇಕಿತ್ತು. ಆಮೇಲೆ ಹಬೆ ಬಂತು, ಪೆಟ್ರೋಲ್ ಬಂತು, ಮರದ ಜಾಗಕ್ಕೆ ಉಕ್ಕು ಬಂತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತ್ರ ಕೈಯಲ್ಲಿ ಒಯ್ಯುವ ಏಣಿಗಳನ್ನು ಇಂದಿಗೂ ಮರದಲ್ಲೇ ಮಾಡುತ್ತಾರೆ. ತಲೆಯ ಮೇಲೆ ವಿದ್ಯುತ್ ತಂತಿ ತುಂಬಿರುವ ಊರದು. ಒಣಮರದಲ್ಲಿ ವಿದ್ಯುತ್ ಸುಲಭವಾಗಿ ಹರಿಯದು.

ಒರಗದೆ ನಿಲ್ಲುವುದು ಏಕೆ ಕಷ್ಟ? 30 ಮೀಟರ್ ಏಣಿಯನ್ನು ನೆಲದಿಂದ 70 ಡಿಗ್ರಿ ಕೋನದಲ್ಲಿ ಎತ್ತಿದರೆ ಅದರ ತುದಿ ಬುಡದಿಂದ ಸುಮಾರು 10 ಮೀಟರ್ ಆಚೆಗಿರುತ್ತದೆ. 45 ಡಿಗ್ರಿಗೆ ಬಾಗಿಸಿದರೆ 21 ಮೀಟರ್. ತುದಿಯಲ್ಲಿ ನಿಂತ ಮನುಷ್ಯನ ತೂಕ ಅಷ್ಟೇ ಇದ್ದರೂ ಗಾಡಿಯನ್ನು ಮಗುಚುವ ಬಲ ಎರಡರಷ್ಟಾಗುತ್ತದೆ. ನೀರೆತ್ತುವ ಏತದ ಲೆಕ್ಕವೇ ಇದು: ತೂಕಕ್ಕಿಂತ ದೂರ ದೊಡ್ಡದು. ಆದ್ದರಿಂದಲೇ ಏಣಿ ಎತ್ತುವ ಮುನ್ನ ಗಾಡಿ ತನ್ನ ಉಕ್ಕಿನ ಜಾಕ್‌ಗಳನ್ನು ಎರಡೂ ಬದಿಗೆ ಚಾಚಿ ನೆಲಕ್ಕೆ ಊರುತ್ತದೆ. ಕುಸ್ತಿಗೆ ನಿಂತವನು ಕಾಲು ಅಗಲಿಸಿದಂತೆ.

ಏಣಿಯ ತುದಿಯಿಂದ ಹಾರಿಸುವ ನೀರೂ ಸುಮ್ಮನಿರದು. ನಿಮಿಷಕ್ಕೆ 2,000 ಲೀಟರ್ ನೀರು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಚಿಮ್ಮಿದರೆ ಅದು ಹಿಂದಕ್ಕೆ ಒತ್ತುವ ಬಲ ನೂರು ಕಿಲೋ ತೂಕಕ್ಕೆ ಸಮ. ಏಣಿಯ ತುದಿ ಅದನ್ನೂ ತಾಳಬೇಕು.

1958ರಲ್ಲಿ ಷಿಕಾಗೊ ಅಗ್ನಿಶಾಮಕ ದಳದ ಮುಖ್ಯಸ್ಥ ರಾಬರ್ಟ್ ಕ್ವಿನ್, ಮರದ ಕೊಂಬೆ ಸವರಲು ಬಳಸುತ್ತಿದ್ದ ಮಡಚುವ ತೋಳಿನ ಯಂತ್ರವನ್ನು ಬೆಂಕಿಯ ಕೆಲಸಕ್ಕೆ ಹೂಡಿದರು. 'ಸ್ನಾರ್ಕೆಲ್' ಎಂದು ಹೆಸರಾದ ಈ ಗಾಡಿಯಲ್ಲಿ ಮೆಟ್ಟಿಲು ಹತ್ತುವ ಗೋಜಿಲ್ಲ, ತೊಟ್ಟಿಲಿನಂಥ ಕಟಕಟೆಯಲ್ಲಿ ನಿಂತರಾಯಿತು. ಬೆಂಗಳೂರಿನಲ್ಲಿ 2022ರಲ್ಲಿ ಸೇವೆಗೆ ಬಂದ 90 ಮೀಟರ್ ಏಣಿಗಾಡಿ ಈ ವಂಶದ್ದೇ. ಮೂವತ್ತು ಮಹಡಿಯ ಹತ್ತಿರಕ್ಕೆ ಅದರ ಕೈ ಎಟುಕುತ್ತದೆ. ಅಷ್ಟು ಎತ್ತರಕ್ಕೆ ನೀರು ಏರಬೇಕಾದರೆ, ಹತ್ತು ಮೀಟರಿಗೆ ಒಂದು ವಾಯುಭಾರದಂತೆ, ಒಂಬತ್ತು ವಾಯುಭಾರದಷ್ಟು ಒತ್ತಡ ಏರುವುದಕ್ಕೇ ಖರ್ಚು. ಚಿಮ್ಮುವ ಒತ್ತಡ ಬೇರೆ.

ಆದರೂ ಎಂ.ಜಿ. ರಸ್ತೆಯಲ್ಲಿ 1970ರ ದಶಕದಲ್ಲೇ ಎದ್ದ ಯುಟಿಲಿಟಿ ಬಿಲ್ಡಿಂಗ್‌ನ ನೆತ್ತಿಯನ್ನು ಅದು ಮುಟ್ಟದು. ಆ ಕಟ್ಟಡದ ಎತ್ತರ ನೂರು ಮೀಟರಿಗೂ ಹೆಚ್ಚು. ಇನ್ನು ಅದೇ ನಗರದಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದ ಕಾರ್ಲ್‌ಟನ್ ಟವರ್ಸ್ ಏಳೇ ಮಹಡಿಯದ್ದು, 1892ರ ಏಣಿಗೂ ಹೆಚ್ಚುಕಮ್ಮಿ ಎಟುಕುವ ಎತ್ತರ. ಆದರೆ ಅಲ್ಲಿ ಹೊಗೆ ಏಣಿಗಿಂತ ಬೇಗ ಮೇಲೇರಿತು. ಉಸಿರುಕಟ್ಟಿದವರು ಕಿಟಕಿಗಾಜು ಒಡೆದರು, ಕೆಲವರು ಹಾರಿದರು. 9 ಜನ ತೀರಿಕೊಂಡರು.

ಏಣಿ ಉದ್ದವಾದಷ್ಟೂ ಗಾಡಿ ಭಾರವಾಗುತ್ತದೆ, ಜಾಕ್ ಊರಲು ಅಗಲವಾದ ಗಟ್ಟಿ ನೆಲ ಬೇಕಾಗುತ್ತದೆ. ಕಾರುಗಳು ಸಾಲುಗಟ್ಟಿ ನಿಂತ ಗಲ್ಲಿಯಲ್ಲಿ ಆ ನೆಲ ಎಲ್ಲಿದೆ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದರು ಹಿರಿಯರು. ನಗರದಲ್ಲಿ ಮೊದಲೇ ತೋಡಿಟ್ಟುಕೊಳ್ಳಬೇಕಾದ ಬಾವಿ ಕಟ್ಟಡದೊಳಗೇ ಇದೆ: ಬೀಗ ಹಾಕದ, ಸಾಮಾನು ಪೇರಿಸದ, ಹೊಗೆ ನುಗ್ಗದ ಮೆಟ್ಟಿಲು.